ಒಂಬತ್ತು ಚುಕ್ಕಿಯ ತೂತು ಮುಚ್ಚಿದವರಿಗೆ

ಬೆನ್ನೂರು,
ಎರಡು ಸಾವಿರದ ಆರುನೂರ ನಾಲ್ಕನೆಯ ಬೆಳಕು, ಅದರ ಐದನೆಯ ದಿನ.

ಮಾನ್ಯರೇ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಹುಡುಕಿ ಆಯಾಸ ಮಾಡಿಕೊಳ್ಳಬೇಡಿ. ನಿಮ್ಮ ಎಣಿಕೆಯಲ್ಲಿ ಹೇಳುವುದಾದರೆ, ನೀವು ಆ ಒಂದು ಸಾಲನ್ನು ಬರೆದು ಎದ್ದುಹೋದ ದಿನದಿಂದ ಮೂರುನೂರ ಹನ್ನೆರಡು ವರ್ಷಗಳ ಆಚೆ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕಾಗಿ ಕ್ಷಮೆ ಕೇಳುತ್ತೇನೆ. ಈ ಪತ್ರದಲ್ಲಿ ನಾನು ಕ್ಷಮೆ ಕೇಳುವುದು ಇದೊಂದಕ್ಕೇ. ನಿಮ್ಮನ್ನು ಬಹುವಚನದಲ್ಲಿ ಕರೆಯುತ್ತಿರುವುದಕ್ಕೂ ಬೇರೆ ಅರ್ಥ ಹಚ್ಚಬೇಡಿ. ವಯಸ್ಸಿನಲ್ಲಿ ಮೂರು ಶತಮಾನ ದೊಡ್ಡವರನ್ನು ಏಕವಚನದಲ್ಲಿ ಬೈಯುವ ಪದ್ಧತಿ ನಮ್ಮಲ್ಲಿಲ್ಲ, ಅಷ್ಟೇ.

ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಅದು ಹೇಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲ, ನಾನು ಅಳತೆಯವಳು, ಅಂಚೆಯವಳಲ್ಲ. ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ. ಹೆಚ್ಚಿನವರು ಅದನ್ನು ತೀರಿಹೋದ ಅಜ್ಜಿಗೋ, ಹುಟ್ಟುವ ಮೊದಲೇ ಹೋದ ತಂದೆಗೋ ಬರೆಯುತ್ತಾರೆ. ನನ್ನ ದೊಡ್ಡವ್ವ ಚಂಪವ್ವ ತನ್ನ ಒಂದೇ ಪತ್ರವನ್ನು ಭೂಮಿಯ ಮೇಲಿದ್ದ ತನ್ನ ಮುತ್ತಜ್ಜಿಯ ಮುತ್ತಜ್ಜಿಗೆ ಬರೆದಳು: ಗುರೆಳ್ಳು ಚಟ್ನಿಪುಡಿಗೆ ಬೆಳ್ಳುಳ್ಳಿಯನ್ನು ಹುರಿದು ಹಾಕಬೇಕೋ ಹಸಿಯಾಗಿಯೇ ಹಾಕಬೇಕೋ ಎಂದು. ಹಿಂದಂಚೆಗೆ ಉತ್ತರ ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಜನ ಪ್ರೀತಿಗೆ ಖರ್ಚು ಮಾಡುವ ಆ ಒಂದು ಪತ್ರವನ್ನು ನಾನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನೆ. ನನ್ನ ಸಿಟ್ಟು ಎಷ್ಟಿದೆಯೆಂದು ಇದರಿಂದಲೇ ತಿಳಿದುಕೊಳ್ಳಿ.

ಮೊದಲು ನಮ್ಮ ಊರಿನ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ನೀವು ಮಾಡಿದ್ದು ಎಲ್ಲಿಗೆ ಬಂದು ತಟ್ಟಿತೆಂದು ನಿಮಗೆ ಅರ್ಥವಾಗುವುದಿಲ್ಲ. ಬೆನ್ನೂರು ಚಂದ್ರನ ಬೆನ್ನಿನ ಮೇಲಿದೆ, ಭೂಮಿಗೆ ಎಂದೂ ಕಾಣದ ಆ ಕಡೆ. ದೂರದರ್ಶಕ ಕಟ್ಟಲು ಕಲ್ಲು ಕೊರೆಯುವವರು, ತಂತಿ ಎಳೆಯುವವರು ಬೇಕೆಂದು ಗದಗ, ಕೊಪ್ಪಳದ ಕಡೆಯಿಂದ ಕರೆತಂದ ಮುನ್ನೂರು ಜನರ ಸಂತಾನ ನಾವು. ಕಟ್ಟಿ ಮುಗಿದ ಮೇಲೆ ಅವರು ವಾಪಸು ಹೋಗಲಿಲ್ಲ. ನಾವು ಭೂಮಿಯನ್ನು ಕಣ್ಣಿಂದ ಕಂಡವರಲ್ಲ. ಎತ್ತು, ಎಮ್ಮೆ, ಆಲದ ಮರ ಯಾವುದನ್ನೂ ಕಂಡವರಲ್ಲ, ಆದರೆ ಅವುಗಳ ಗಾದೆಗಳನ್ನು ಬಿಟ್ಟಿಲ್ಲ. ಹದಿನಾಲ್ಕು ದಿನ ಬಿಸಿಲು, ಹದಿನಾಲ್ಕು ದಿನ ಕತ್ತಲೆ, ಎರಡೂ ಸೇರಿ ಒಂದು ಬೆಳಕು. ಕತ್ತಲಿನಲ್ಲಿ ಯಂತ್ರಗಳು ತಾವೇ ಆಕಾಶದ ಚಿತ್ರ ತೆಗೆಯುತ್ತವೆ, ಬಿಸಿಲಿನಲ್ಲಿ ನಾವು ಅಳೆಯುತ್ತೇವೆ. ಸುರಂಗದಲ್ಲಿ ಜೋಳ ಬೆಳೆಯುತ್ತೇವೆ. ಇಲ್ಲಿ ತೂಕ ಕಡಿಮೆಯಾದ್ದರಿಂದ ರೊಟ್ಟಿ ಬಡಿದರೆ ಹಾರುತ್ತದೆ, ಎರಡು ಕೈಯಿಂದ ಒತ್ತಿ ಹಿಡಿದು ತಟ್ಟಬೇಕು. ಇನ್ನು ಧೂಳು. ಬೂದು ಬಣ್ಣದ ಆ ಧೂಳು ಚೂಪಾಗಿ ಎಲ್ಲಕ್ಕೂ ಅಂಟುತ್ತದೆ. ಒಳಗೆ ಬರುವ ಮುಂಚೆ ಪ್ರತಿಯೊಬ್ಬರೂ ಧೂಳುಗಟ್ಟೆಯ ಮೇಲೆ ನಿಂತು ಮೈ ಒರೆಸಿಕೊಳ್ಳಬೇಕು. ನಾಲ್ಕು ವರ್ಷದ ಮಗುವಿಗೂ ಗಾಜು ಒರೆಸಲು ಬರುತ್ತದೆ. ಧೂಳಿನಲ್ಲಿ ಹುಟ್ಟಿ ಧೂಳಿನಲ್ಲಿ ಬಾಳುವ ಜನಕ್ಕೆ ನಿಮ್ಮ ಒಂದು ಕಣ ಧೂಳು ಮಾಡಿದ ಅನಾಹುತವನ್ನು ಯೋಚಿಸಿದರೆ ನಗು ಬರಬೇಕು. ನನಗೆ ಬರುವುದಿಲ್ಲ.

ನಮ್ಮ ಕಸುಬು ನಿಮಗೂ ಗೊತ್ತಿರುವುದೇ. ನೀವು ಗ್ಯಾಲಕ್ಸಿ ಎನ್ನುವುದನ್ನು ನಾವು ಹಿಂಡು ಎನ್ನುತ್ತೇವೆ. ನಿಮ್ಮ ಅನುಕೂಲಕ್ಕೆ ನಿಮ್ಮ ಮಾತನ್ನೇ ಬಳಸುತ್ತೇನೆ. ಗ್ಯಾಲಕ್ಸಿಯ ಚಿತ್ರವೆಂದರೆ ಚುಕ್ಕಿಗಳು, ಒಂದೊಂದು ಚುಕ್ಕಿಗೂ ಒಂದೊಂದು ಹೊಳಪು. ಒಂದು ಹೊಳಪಿನ ಮಟ್ಟ ಇಟ್ಟುಕೊಂಡು, ಅದಕ್ಕಿಂತ ಮಂಕಾದ ಚುಕ್ಕಿಗಳನ್ನು ತೆಗೆದುಹಾಕಿದರೆ ಉಳಿಯುವುದು ಒಂದು ಆಕಾರ. ಆ ಆಕಾರಕ್ಕೆ ನಮ್ಮಲ್ಲಿ ಮೂರು ಅಳತೆ: ಹರವು, ಅಂಚು, ತೂತು. ಎಷ್ಟು ಜಾಗ ಹಿಡಿದಿದೆ, ಸುತ್ತಳತೆ ಎಷ್ಟು, ನಡುವೆ ಎಷ್ಟು ತೂತುಗಳಿವೆ. ಮಕ್ಕಳಿಗೆ ಇದನ್ನು ರೊಟ್ಟಿ ಇಟ್ಟು ಕಲಿಸುತ್ತಾರೆ. ಚಂಪವ್ವ ನನಗೆ ಕಲಿಸಿದ್ದೂ ಹಾಗೆಯೇ: ಒಂದು ತುಂಡು ಕಚ್ಚಿದರೆ ಹರವು ಕಡಿಮೆಯಾಗಿ ಅಂಚು ಹೆಚ್ಚಾಗುತ್ತದೆ, ನಡುವೆ ಬೆರಳು ತೂರಿಸಿದರೆ ತೂತಿನ ಎಣಿಕೆ ಒಂದಾಗುತ್ತದೆ. ಮಟ್ಟವನ್ನು ಇಪ್ಪತ್ತನಾಲ್ಕು ಮೆಟ್ಟಿಲು ಏರಿಸುತ್ತ, ಪ್ರತಿ ಮೆಟ್ಟಿಲಿನಲ್ಲೂ ಮೂರನ್ನೂ ಅಳೆದರೆ ಆ ಗ್ಯಾಲಕ್ಸಿಯ ಮೈಕಟ್ಟು ಪೂರ್ತಿ ಸಿಗುತ್ತದೆ. ಇದರ ಚೆಲುವೇನೆಂದರೆ, ಚಿತ್ರವನ್ನು ಸರಿಸಿ, ತಿರುಗಿಸಿ, ತಲೆಕೆಳಗೆ ಮಾಡಿ, ಈ ಮೂರು ಸಂಖ್ಯೆಗಳು ಬದಲಾಗುವುದಿಲ್ಲ. ಮನುಷ್ಯರಂತಲ್ಲ.

ಅಳೆಯುವುದು ಯಂತ್ರ, ಆದರೆ ಒಪ್ಪುವುದು ಮನುಷ್ಯರು. ಒಬ್ಬೊಬ್ಬರಿಗೆ ದಿನಕ್ಕೆ ನೂರು ಚಿತ್ರ. ಒಂದೊಂದನ್ನೂ ನೋಡಿ, ಸಂಖ್ಯೆ ಸರಿಯಿದ್ದರೆ ಕೆಳಗೆ ನಮ್ಮ ಹೆಸರು ಒತ್ತುತ್ತೇವೆ. ಆ ಹೆಸರು ಚಿತ್ರವಿರುವಷ್ಟು ಕಾಲವೂ ಇರುತ್ತದೆ. ಬೆನ್ನೂರಿನಲ್ಲಿ ಸಮಾಧಿ ಕಟ್ಟಲು ಜಾಗವಿಲ್ಲ. ಸತ್ತವರು ಬಿಟ್ಟುಹೋಗುವುದೆಂದರೆ ಈ ಒತ್ತಿದ ಹೆಸರುಗಳೇ. ಅಜ್ಜನ ನೆನಪಾದರೆ ಅಜ್ಜ ಅಳೆದ ಗ್ಯಾಲಕ್ಸಿ ತೆಗೆದು ನೋಡುತ್ತೇವೆ.

ಹೆಸರು ಒತ್ತುವ ಮುನ್ನ, ಅಳೆಯುವುದಕ್ಕೂ ಮುನ್ನ, ಮೊಟ್ಟಮೊದಲು ಮಾಡುವ ಕೆಲಸಕ್ಕೆ ಮುಚ್ಚುಗೆ ಎಂದು ಹೆಸರು. ಒಂದು ಗುಂಡಿ ಒತ್ತಿದರೆ ಸಾಕು, ಒಂಬತ್ತು ಚುಕ್ಕಿಗಳವರೆಗಿನ ತೂತುಗಳೆಲ್ಲ ಸುತ್ತಲಿನ ಚುಕ್ಕಿಗಳ ಸರಾಸರಿ ಹೊಳಪಿನಿಂದ ತುಂಬಿಕೊಳ್ಳುತ್ತವೆ. ಏಕೆ ಮಾಡುತ್ತೇವೆ ಎಂದು ಕೇಳಿದರೆ ಹಿರಿಯರು, ಚಿತ್ರ ಶುದ್ಧವಾಗಬೇಕಲ್ಲ ಎನ್ನುತ್ತಿದ್ದರು. ಒಂಬತ್ತೇ ಏಕೆ ಎಂದು ಯಾರೂ ಕೇಳಲಿಲ್ಲ. ಹತ್ತಿರದ ಗ್ಯಾಲಕ್ಸಿಗಳು ಚಿತ್ರದಲ್ಲಿ ದೊಡ್ಡವು, ಅವುಗಳ ತೂತುಗಳೂ ದೊಡ್ಡವು, ಮುಚ್ಚುಗೆ ಅವನ್ನು ಮುಟ್ಟುತ್ತಿರಲಿಲ್ಲ. ತೀರ ದೂರದವು, ಅಂದರೆ ತೀರ ಹಳೆಯ ಕಾಲದವು, ಚಿತ್ರದಲ್ಲಿ ಅರವತ್ತು ಎಪ್ಪತ್ತು ಚುಕ್ಕಿಯಷ್ಟೇ ಇರುತ್ತವೆ. ಅವುಗಳ ನಡುವೆ ಬಳೆಯಂತೆ ತೂತಿದ್ದರೆ ಅದು ಒಂಬತ್ತು ಚುಕ್ಕಿಯೊಳಗೇ ಇರುತ್ತದೆ. ಹೀಗಾಗಿ ನಮ್ಮ ಪಟ್ಟಿಯಲ್ಲಿ ಹಳೆಯ ಕಾಲದ ಒಂದೇ ಒಂದು ಬಳೆ ಗ್ಯಾಲಕ್ಸಿಯೂ ಇರಲಿಲ್ಲ. ಒಂದು ಗ್ಯಾಲಕ್ಸಿ ಇನ್ನೊಂದರ ನಡುವೆ ತೂರಿ ಹಾದುಹೋದಾಗ ಬಳೆ ಆಗುತ್ತದೆ. ಬಳೆ ಇಲ್ಲವೆಂದರೆ ಡಿಕ್ಕಿ ಇಲ್ಲ. ನಮ್ಮ ಅಳತೆಮನೆಯ ಹಿರಿಯರಾದ ಸಂಗನಬಸಪ್ಪನವರು ಇದರ ಮೇಲೆ ದೊಡ್ಡ ಸಿದ್ಧಾಂತವನ್ನೇ ಕಟ್ಟಿದರು: ವಿಶ್ವದ ಎಳವೆ ಜಗಳವಿಲ್ಲದ ಕಾಲ, ತೂತಿಲ್ಲದ ಕಾಲ. ಅದಕ್ಕೆ ಭೂಮಿಯಿಂದಲೂ ಮನ್ನಣೆ ಬಂತು. ಊರಿನ ದೊಡ್ಡ ಸುರಂಗಕ್ಕೆ ಅವರ ಹೆಸರಿಟ್ಟರು.

ಇನ್ನು ಚಂಪವ್ವನ ವಿಷಯ. ಅವಳು ನನ್ನ ತಾಯಿಯ ಅಕ್ಕ, ಅಳತೆಮನೆಯಲ್ಲಿ ಮೂವತ್ತೊಂದು ವರ್ಷ ಕೂತವಳು. ಗಿಡ್ಡ ಹೆಂಗಸು, ಮಾತು ಒರಟು, ಕೆಲಸದಲ್ಲಿ ಕೂದಲಿನಷ್ಟೂ ಹೆಚ್ಚುಕಡಿಮೆ ಸಹಿಸದವಳು. ಹದಿನೇಳು ವರ್ಷಗಳ ಹಿಂದೆ ಒಂದು ದಿನ ಹಂಚಿಗೆ ತಗುಲಿ ಅವಳ ಬಲಗೈ ಬೆರಳು ಸುಟ್ಟಿತು. ಎಡಗೈಯಲ್ಲಿ ಕೆಲಸ ಮಾಡುತ್ತ ಆ ದಿನದ ನೂರು ಚಿತ್ರಗಳಿಗೂ ಮೊದಲ ಗುಂಡಿ, ಮುಚ್ಚುಗೆಯ ಗುಂಡಿ, ಒತ್ತುವುದು ತಪ್ಪಿಹೋಯಿತು. ಸಂಜೆ ಗೊತ್ತಾಗಿ ತಿದ್ದಲು ಕೂತಳು. ತಿದ್ದುವ ಮುನ್ನ, ತಿದ್ದಿದ್ದಕ್ಕೂ ತಿದ್ದದ್ದಕ್ಕೂ ಏನು ವ್ಯತ್ಯಾಸ ಎಂದು ಹೋಲಿಸಿ ನೋಡಿದಳು. ಎಂಬತ್ತೊಂಬತ್ತು ಚಿತ್ರಗಳಲ್ಲಿ ಏನೂ ಇಲ್ಲ. ಹನ್ನೊಂದು ಚಿತ್ರಗಳಲ್ಲಿ ಗ್ಯಾಲಕ್ಸಿಯ ನಟ್ಟನಡುವೆ ತೂತು.

ಬೇರೆಯವರಾಗಿದ್ದರೆ ಗುಂಡಿ ಒತ್ತಿ ಮನೆಗೆ ಹೋಗುತ್ತಿದ್ದರು. ಚಂಪವ್ವ ಮುಂದಿನ ಕತ್ತಲಿನಲ್ಲಿ ಆ ಹನ್ನೊಂದನ್ನೇ ಮತ್ತೆ ತೆಗೆಸಿದಳು, ಅದೂ ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿ. ತೂತು ಕ್ಯಾಮೆರಾದ್ದಾದರೆ ಗ್ಯಾಲಕ್ಸಿಯನ್ನು ಬಿಟ್ಟು ಬೇರೆ ಕಡೆ ಬೀಳಬೇಕು, ಗ್ಯಾಲಕ್ಸಿಯದೇ ಆದರೆ ಅದರ ನಡುವೆಯೇ ಇರಬೇಕು. ನಡುವೆಯೇ ಇತ್ತು, ಹನ್ನೊಂದರಲ್ಲೂ. ಅವಳು ನಮ್ಮ ಮನೆಗೆ ಓಡಿಬಂದು ಬಾಗಿಲಲ್ಲೇ ನಿಂತು ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ. “ಯವ್ವಾ, ನಾವು ಇಷ್ಟ್ ವರ್ಷ ಆಕಾಶಕ್ಕ ತ್ಯಾಪಿ ಹಚ್ಚಾಕತ್ತಿದ್ವಿ ನೋಡ!” ಧೂಳುಗಟ್ಟೆಯ ಮೇಲೆ ನಿಲ್ಲುವುದನ್ನೂ ಮರೆತಿದ್ದಳು, ಮೈಯೆಲ್ಲ ಬೂದಿಯಾಗಿತ್ತು.

ವಿವಾದದ ಅಳತೆ ಒಪ್ಪಿಗೆಕೂಟಕ್ಕೆ ಹೋಗುತ್ತದೆ. ನಲವತ್ತೆರಡು ಅಳತೆಗಾರರು ಸುತ್ತ ಕೂತು ಗೋಡೆಯ ಮೇಲೆ ಚಿತ್ರ ನೋಡಿ ತೀರ್ಮಾನಿಸುತ್ತಾರೆ. ಕೂಟಕ್ಕೆ ಬರುವ ಯಾವ ಚಿತ್ರವಾದರೂ ಮುಚ್ಚುಗೆ ಆಗಿಯೇ ಬರಬೇಕು ಎಂಬುದು ಪದ್ಧತಿ. ಮುಚ್ಚುಗೆ ಆಗದ ಚಿತ್ರವನ್ನು ನೋಡುವುದು, ಕೈ ತೊಳೆಯದೆ ಊಟಕ್ಕೆ ಕೂತ ಹಾಗೆ. ಆ ಸರದಿಯಲ್ಲಿ ಚಿತ್ರಗಳನ್ನು ಶುದ್ಧ ಮಾಡಿ ಕೂಟಕ್ಕೆ ಕೊಡುವ ಕೆಲಸ ನನ್ನದಿತ್ತು. ನಾನು ಮಾಡಿದೆ. ಯೋಚನೆಯನ್ನೇ ಮಾಡಲಿಲ್ಲ. ಹನ್ನೊಂದು ಸಲ ಗುಂಡಿ ಒತ್ತಿ, ಹನ್ನೊಂದು ಚಿತ್ರ ಕಳಿಸಿದೆ. ಈ ಹನ್ನೊಂದನ್ನಾದರೂ ನಾನು ಮುಚ್ಚದೆ ಹಾಗೇ ಕಳಿಸುತ್ತೇನೆಂದು ಚಂಪವ್ವ ನಂಬಿದ್ದಳು.

ಗೋಡೆಯ ಮೇಲೆ ಮೊದಲ ಚಿತ್ರ ಬಂತು. ಚಂಪವ್ವ ಎದ್ದು ನಿಂತು ಬೆರಳು ತೋರಿಸಿ, “ನೋಡ್ರಿ, ನಟ್ಟನಡುವ ತೂತೈತಿ” ಎಂದಳು. ಅಲ್ಲಿ ತೂತಿರಲಿಲ್ಲ. ಎರಡನೆಯದು ಬಂತು, ಅದರಲ್ಲೂ ಇರಲಿಲ್ಲ. ಮೂರನೆಯದಕ್ಕೆ ಅವಳು ಗೋಡೆಯ ಹತ್ತಿರವೇ ಹೋಗಿ ನೋಡಿದಳು. ಸಂಗನಬಸಪ್ಪನವರು ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, ಹೇಳಿದರು: “ಚಂಪವ್ವ, ತೂತು ಚಿತ್ರದಾಗ ಐತೋ ನಿನ್ನ ಕಣ್ಣಾಗ ಐತೋ, ಮೊದ್ಲ ಅದನ್ನ ನೋಡ್ಕೊ.” ಕೂಟ ನಕ್ಕಿತು. ನಲವತ್ತೊಂದು ಜನರೂ ನಕ್ಕರು. ಆ ನಲವತ್ತೊಂದರಲ್ಲಿ ನಾನೂ ಒಬ್ಬಳು. ಸಂಗನಬಸಪ್ಪನವರ ಮಾತಿಗೆ ನಗದೇ ಇರುವುದು ನನಗೆ ಗೊತ್ತಿರಲಿಲ್ಲ. ಅವಳು ಬೇರೆ ಯಾರನ್ನೂ ನೋಡಲಿಲ್ಲ, ನನ್ನನ್ನು ಮಾತ್ರ ನೋಡಿದಳು.

ಇಲ್ಲದ ತೂತು ಕಂಡೆನೆಂದು ಸುಳ್ಳು ಹೇಳಿದವರಿಗೆ ನಮ್ಮಲ್ಲಿ ಒಂದೇ ಶಿಕ್ಷೆ, ಹೆಸರು ಮುಚ್ಚುವುದು. ಅವರು ಅಳೆದ ಚಿತ್ರಗಳ ಮೇಲಿಂದ ಅವರ ಹೆಸರು ತೆಗೆದು, ಅವರ ಅಕ್ಕಪಕ್ಕ ಕೂರುತ್ತಿದ್ದವರ ಹೆಸರು ತುಂಬುತ್ತಾರೆ. ಚಂಪವ್ವ ಅಳೆದದ್ದು ನಾಲ್ಕು ಲಕ್ಷ ಅರವತ್ತು ಸಾವಿರ ಚಿತ್ರ. ಅವಳ ಎಡಕ್ಕೆ ಕೂರುತ್ತಿದ್ದವಳು ನಾನು. ಅರ್ಧ ನನ್ನ ಪಾಲಿಗೆ ಬಂತು. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ನಾನು ಬೆನ್ನೂರಿನ ಅತಿ ದೊಡ್ಡ ಅಳತೆಗಾರ್ತಿಯರಲ್ಲಿ ಒಬ್ಬಳಾದೆ, ಬೆರಳು ಎತ್ತದೆ. ಅವಳನ್ನು ಜೋಳದ ಸುರಂಗಕ್ಕೆ ಕಳಿಸಿದರು. ನಾನು ಹೋದಾಗಲೆಲ್ಲ ಊಟಕ್ಕೆ ಬಡಿಸುತ್ತಿದ್ದಳು, ಬೈಯುತ್ತಿರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆರು ವರ್ಷ ಬದುಕಿದಳು. ಕೊನೆಗೆ ಉಸಿರು ಸಾಲದೆ ಮಲಗಿದ್ದಾಗ ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: “ಹನ್ನೊಂದ ಇದ್ವು. ಹತ್ತಲ್ಲ, ಹನ್ನೆರಡಲ್ಲ. ನೀ ಎಣಿಸಿ ನೋಡು.”

ಎಣಿಸಿದೆ. ಅವಳ ಸಾವಿನ ನಂತರ ಮುಚ್ಚುಗೆ ಮಾಡದ ಮೂಲ ಚಿತ್ರಗಳನ್ನು ಉಗ್ರಾಣದಿಂದ ತೆಗೆದು ನೋಡಿದೆ. ಹನ್ನೊಂದಿದ್ದವು. ಆ ದಿನದಿಂದ ಹನ್ನೊಂದು ವರ್ಷ ನಾನು ಮಾಡಿದ್ದು ಎರಡು ಕೆಲಸ. ಒಂದು, ಕೂಟದ ಕಣ್ಣಿಗೆ ಆ ತೂತುಗಳನ್ನು ಕಾಣಿಸುವ ದಾರಿ ಹುಡುಕುವುದು. ಇನ್ನೊಂದು, ನಿಮ್ಮನ್ನು ಹುಡುಕುವುದು.

ನಿಮ್ಮನ್ನು ಹುಡುಕಿದ ಕಥೆ ಹೇಳುತ್ತೇನೆ, ಕೇಳಿ. ಮುಚ್ಚುಗೆಯ ಯಂತ್ರದ ಒಳಗಿನ ಸೂಚನೆಗಳು ಈರುಳ್ಳಿ ಸಿಪ್ಪೆಯ ಹಾಗೆ, ಹಳೆಯದರ ಮೇಲೆ ಹೊಸದು. ಒಂದೊಂದೇ ಬಿಡಿಸುತ್ತ ಹೋದೆ. ದೂರದರ್ಶಕ ಒಂಬತ್ತು ಸಲ ಬದಲಾಗಿದೆ, ಕ್ಯಾಮೆರಾ ಇಪ್ಪತ್ತು ಸಲ, ಸೂಚನೆಯ ಭಾಷೆ ಆರು ಸಲ. ಪ್ರತಿ ಸಲವೂ ಯಾರೋ ಒಬ್ಬರು ನಿಮ್ಮ ಸಾಲನ್ನು ಭಕ್ತಿಯಿಂದ ಎತ್ತಿ ಹೊಸ ಮನೆಯಲ್ಲಿ ಇಟ್ಟಿದ್ದಾರೆ. ಅಪ್ಪ ನೆಟ್ಟ ಆಲದ ಮರ ಎಂದು ನೇಣು ಹಾಕಿಕೊಳ್ಳುವುದು ಎಂದರೆ ಏನೆಂದು ಮರ ಕಾಣದ ನನಗೆ ಆಗ ತಿಳಿಯಿತು. ಕಟ್ಟಕಡೆಯ ಸಿಪ್ಪೆಯಲ್ಲಿ, ಇಂಗ್ಲಿಷ್ ಸಾಲುಗಳ ನಡುವೆ, ಯಾರೂ ಓದಲಾರರೆಂಬ ಧೈರ್ಯದಿಂದ ಕನ್ನಡದಲ್ಲಿ ಬರೆದ ಟಿಪ್ಪಣಿ ಇತ್ತು. “ಲೆನ್ಸಿನ ಮೇಲೆ ಧೂಳು ಕೂತಿದೆ. ಸದ್ಯಕ್ಕೆ ಒಂಬತ್ತು ಚುಕ್ಕಿವರೆಗಿನ ತೂತು ಮುಚ್ಚಿದ್ದೇನೆ. ಒರೆಸಿದ ಮೇಲೆ ಈ ಸಾಲು ತೆಗೆಯಬೇಕು. ನಾಳೆ.” ಕೆಳಗೆ ಎರಡು ಅಕ್ಷರ, ಹೆಸರಿಲ್ಲ.

ಓದಿ ನಾನು ಅತ್ತೆ. ಮೂರುನೂರು ವರ್ಷದ ಶುದ್ಧಾಚಾರದ ಬುಡದಲ್ಲಿ ಒಂದು ಧೂಳಿನ ಕಣ, ಒಂದು “ನಾಳೆ”, ಅದೂ ನನ್ನ ತಾಯಿನುಡಿಯಲ್ಲಿ. ನಂತರ ನಿಮ್ಮ ವೀಕ್ಷಣಾಲಯದ ಹಳೆಯ ಪುಸ್ತಕಗಳನ್ನೆಲ್ಲ ಜಾಲಾಡಿದೆ. ಮರುದಿನ ಬೆಳಗ್ಗೆಯೇ ಯಾರೋ ಪುಣ್ಯಾತ್ಮರು ಲೆನ್ಸ್ ಒರೆಸಿದ್ದಾರೆ, ಅದರ ದಾಖಲೆ ಇದೆ. ಆ ದಿನ ಕೆಲಸದಲ್ಲಿದ್ದವರ ಪೈಕಿ ಆ ಎರಡು ಅಕ್ಷರಗಳಿಗೆ ಹೊಂದುವವರು ಒಬ್ಬರೇ. ಗೇಟಿನ ಪುಸ್ತಕದಲ್ಲಿ ನೀವು ನಾಲ್ಕು ನಲವತ್ತಕ್ಕೆ ಹೊರಟದ್ದಿದೆ. ಕಾರಣ: ಬಸ್ಸು. ಮುಂದೆ ನಾಲ್ಕು ದಿನ ರಜೆ. ಆ ರಜೆಯ ಅರ್ಜಿ ತೆರೆಯಲು ಕೂತೆ. ಯಾರೋ ಸತ್ತಿರಲಿ ಎಂದು ಬೇಡಿಕೊಂಡೆ, ಹಾಗಿದ್ದರೆ ಕ್ಷಮಿಸಬಹುದಿತ್ತು. ಸೋದರತ್ತೆಯ ಮಗಳ ಮದುವೆ. ನೀವು ಹೋಳಿಗೆ ಉಣ್ಣುತ್ತಿದ್ದಿರಿ. ವಾಪಸು ಬಂದ ಮೇಲೆ ಇಪ್ಪತ್ತಾರು ವರ್ಷ ಅಲ್ಲೇ ಕೆಲಸ ಮಾಡಿದಿರಿ. ಒಂಬತ್ತು ಸಾವಿರಕ್ಕೂ ಹೆಚ್ಚು ನಾಳೆಗಳು ನಿಮಗೆ ಸಿಕ್ಕವು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನಿಮ್ಮ ಮನೆಗೆ ಏನೂ ಆಗಲಿಲ್ಲ, ಹಾಳಾದದ್ದು ನಮ್ಮದು.

ಇನ್ನು ಕೂಟದ ಮಾತು. ಮೂರು ಬೆಳಕಿನ ಹಿಂದೆ ನಾನು ಚಂಪವ್ವನ ಹನ್ನೊಂದು ಮೂಲ ಚಿತ್ರಗಳನ್ನು ಮತ್ತೆ ಕೂಟಕ್ಕೆ ಒಯ್ದೆ. ಪದ್ಧತಿ ಮುರಿಯಲಿಲ್ಲ. ಚಿತ್ರವನ್ನು ಅಗಲಕ್ಕೂ ಉದ್ದಕ್ಕೂ ಎರಡರಷ್ಟು ಹಿಗ್ಗಿಸಿದೆ, ಅಷ್ಟೇ. ಒಂದು ಚುಕ್ಕಿ ಇದ್ದಲ್ಲಿ ನಾಲ್ಕು, ಒಂಬತ್ತು ಇದ್ದಲ್ಲಿ ಮೂವತ್ತಾರು. ಆಮೇಲೆ ಎಲ್ಲರೆದುರು, ಎಲ್ಲರೂ ನೋಡುವಂತೆ, ಮುಚ್ಚುಗೆಯ ಗುಂಡಿ ಒತ್ತಿದೆ. ಮುಚ್ಚುಗೆಗೆ ಒಂಬತ್ತರ ಮೇಲೆ ಎಣಿಸಲು ಬರುವುದಿಲ್ಲ. ಹನ್ನೊಂದು ಬಳೆಗಳು ಗೋಡೆಯ ಮೇಲೆ ಬಾಯಿ ತೆರೆದು ನಿಂತವು. ಯಾರೂ ನಗಲಿಲ್ಲ. ನಂತರ, ಮೂಲ ಉಳಿದಿರುವ ನಾಲ್ಕು ಲಕ್ಷ ಚಿತ್ರಗಳನ್ನು ಅಳೆದ ಪಟ್ಟಿ ಓದಿದೆ: ಹಳೆಯ ಕಾಲದ ಬಳೆ ಗ್ಯಾಲಕ್ಸಿಗಳು ನಲವತ್ತೊಂದು ಸಾವಿರ. ಮಿಕ್ಕ ಚಿತ್ರಗಳ ಮೂಲಗಳು ಉಳಿದಿಲ್ಲ, ಮುಚ್ಚಿದವು ಮಾತ್ರ ಇವೆ. ಅವುಗಳಲ್ಲಿ ಎಷ್ಟು ಬಳೆಗಳಿದ್ದವೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ವಿಶ್ವದ ಎಳವೆ ಜಗಳವಿಲ್ಲದ ಕಾಲವಾಗಿರಲಿಲ್ಲ. ಒಂದರ ಎದೆಯೊಳಗೆ ಇನ್ನೊಂದು ತೂರಿಹೋದ ಕಾಲ ಅದು.

ಸಂಗನಬಸಪ್ಪನವರಿಗೆ ಈಗ ಎಂಬತ್ತೆಂಟು. ಕುರ್ಚಿಯಲ್ಲಿ ಕೂರಿಸಿ ಕರೆತಂದಿದ್ದರು. ಅವರ ಬಾಯಿಂದ ಒಂದು ಮಾತು ಬರಲೆಂದು ಹನ್ನೊಂದು ವರ್ಷ ಕಾದಿದ್ದೆ. ಅವರು ಗೋಡೆ ನೋಡಿ, “ತಂಗೀ, ಈ ಪದ್ಧತಿ ನಾ ಮಾಡಿದ್ದಲ್ಲವ್ವ. ಹಿರ್ಯಾರು ಮಾಡಿಟ್ಟಿದ್ದು. ನಾವು ನಡಿಸ್ಕೊಂಡ ಬಂದ್ವಿ, ಅಷ್ಟ” ಎಂದರು. ಕೂಟದ ಉಸಿರು ಸಡಿಲವಾದದ್ದು ನನಗೆ ಕೇಳಿಸಿತು. ಹೌದಲ್ಲ, ತಪ್ಪು ನಮ್ಮದಲ್ಲ, ಪದ್ಧತಿ ಮಾಡಿದವರದು. ಎಲ್ಲರೂ ತಲೆ ಆಡಿಸಿದರು. ಆ ಸಾಲು ಬರೆದವರನ್ನು ಪತ್ತೆ ಮಾಡಿದ್ದೇನೆಂದು ನಾನು ಮೊದಲೇ ಹೇಳಿದ್ದೆ. ತಪ್ಪೋಲೆ ತರಿಸಿದರು. ಅದು ನಮ್ಮ ಅಳತೆಮನೆಯ ತಪ್ಪುಗಳನ್ನು ಬರೆದಿಡುವ ಪುಸ್ತಕ. ತಪ್ಪು ಹುಡುಕಿದವರೇ ತಪ್ಪು ಮಾಡಿದವರ ಹೆಸರು ಬರೆಯಬೇಕು, ಬರೆದದ್ದನ್ನು ಯಾರೂ ತಿದ್ದುವಂತಿಲ್ಲ. ಲೇಖನಿ ನನ್ನ ಕೈಗಿಟ್ಟು, “ಬರಿಯವ್ವ ಅವರ ಹೆಸ್ರ” ಎಂದರು. ಚಂಪವ್ವನ ಹೆಸರನ್ನೂ ಚಿತ್ರಗಳ ಮೇಲೆ ಮತ್ತೆ ಹಾಕೋಣ ಎಂದು ಉದಾರವಾಗಿ ಹೇಳಿದರು. ಯಾವ ಚಿತ್ರಗಳ ಮೇಲೆ? ನನ್ನ ಹೆಸರಿರುವವುಗಳಲ್ಲಿ ನಾನು ಅಳೆದದ್ದು ಯಾವುದು, ಅವಳು ಅಳೆದದ್ದು ಯಾವುದು ಎಂದು ನನಗೇ ಗೊತ್ತಿಲ್ಲ. ಮುಚ್ಚಿದ ಮೇಲೆ ಮುಗಿಯಿತು.

ಆ ಲೇಖನಿ ಹಿಡಿದು ನಿಂತಾಗ ನನಗೆ ಅರ್ಥವಾಯಿತು, ಹನ್ನೊಂದು ವರ್ಷ ನಾನು ಹುಡುಕಿದ್ದು ಈ ನಲವತ್ತೊಂದು ಜನಕ್ಕೆ ಒಂದು ಒರೆಸುವ ಬಟ್ಟೆಯನ್ನು. ನಿಮ್ಮ ಹೆಸರು ಬರೆದರೆ ಎಲ್ಲರೂ ಕೈ ಒರೆಸಿಕೊಂಡು ಮನೆಗೆ ಹೋಗುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನೀವು ತಪ್ಪಿತಸ್ಥರು, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ನೀವು ಮುಚ್ಚಿದ್ದು ಧೂಳಿನ ಗುರುತನ್ನು. ಚಂಪವ್ವನನ್ನು ಮುಚ್ಚಿದವರು ನಾವು.

ಆದ್ದರಿಂದ ನಾನು ಪದ್ಧತಿಯ ಪ್ರಕಾರವೇ ನಡೆದುಕೊಂಡೆ. ತಪ್ಪೋಲೆಯಲ್ಲಿ ನಿಮ್ಮ ಹೆಸರಿನ ಜಾಗವನ್ನು ಖಾಲಿ ಬಿಟ್ಟೆ. ಅದು ಒಂದು ತೂತು. ತೂತನ್ನು ಹೇಗೆ ತುಂಬಬೇಕೆಂದು ಮೂರುನೂರು ವರ್ಷದಿಂದ ನಮಗೆ ಗೊತ್ತು: ಸುತ್ತ ಇರುವುದರಿಂದ. ಅಂದು ಚಂಪವ್ವನ ಸುತ್ತ ಯಾರು ಕೂತು ನಕ್ಕಿದ್ದರೋ ಅವರೆಲ್ಲರ ಹೆಸರನ್ನು ಒಬ್ಬೊಬ್ಬರ ಮುಖ ನೋಡುತ್ತ ಬರೆದೆ. ಮೊದಲು ಸಂಗನಬಸಪ್ಪ. ಈ ಹದಿನೇಳು ವರ್ಷದಲ್ಲಿ ತೀರಿಹೋದ ನಗೆಗಾರರನ್ನೂ ಬಿಡಲಿಲ್ಲ. ನಲವತ್ತೊಂದನೆಯದಾಗಿ ನನ್ನದು. ಸಂಗನಬಸಪ್ಪನವರು, “ಇದೇನ ಬರದಿ ತಂಗಿ, ತಗದ್ಹಾಕು” ಎಂದು ಕೈ ಮುಗಿದರು. ಒಮ್ಮೆ ಅಲ್ಲ, ಎರಡು ಸಲ. ಚಂಪವ್ವ ನೋಡಬೇಕಿತ್ತು. ನಾನು ಪುಸ್ತಕ ಮುಚ್ಚಿದೆ. ನನಗೆ ಸಂತೋಷವಾಯಿತು, ಸುಳ್ಳು ಏಕೆ ಹೇಳಲಿ.

ನಿಮ್ಮನ್ನು ಬಿಟ್ಟೆನೆಂದು ತಿಳಿಯಬೇಡಿ. ಹಿಂದಂಚೆಯವರು ಒಂದು ಮಾತು ಹೇಳುತ್ತಾರೆ, ಆದದ್ದನ್ನು ಬದಲಿಸಬಲ್ಲ ಪತ್ರ ತಲುಪುವುದೇ ಇಲ್ಲ. ಅಂದರೆ ಇದು ನಿಮ್ಮ ಕೈಗೆ ಬಂದಿದ್ದರೆ ನೀವು ಆ ಸಾಲು ತೆಗೆಯಲಿಲ್ಲ, ಇನ್ನು ತೆಗೆಯುವುದೂ ಇಲ್ಲ. ಹಾಗಾಗಿ ನಾನು ನಿಮ್ಮಲ್ಲಿ ಏನನ್ನೂ ಬೇಡುವುದಿಲ್ಲ. ನಿಮ್ಮ ನಿವೃತ್ತಿಯ ಸಮಾರಂಭದ ದಿನಕ್ಕೆ ಇದನ್ನು ತಲುಪಿಸಿ ಎಂದು ಕೇಳಿಕೊಂಡಿದ್ದೇನೆ. ಶಾಲು ಹೊದಿಸಿ, ಹಾರ ಹಾಕಿ, ನಿಮ್ಮ ಅಚ್ಚುಕಟ್ಟುತನದ ಬಗ್ಗೆ ಯಾರೋ ಭಾಷಣ ಮಾಡಿದ ಮೇಲೆ, ಮನೆಗೆ ಬಂದು ಚೀಲ ತೆರೆದಾಗ ಸಿಗಲಿ. ಆ ಸಾಲು ಎಲ್ಲಿದೆಯೆಂದು ನೆನಪಿಸಿಕೊಳ್ಳಲು ನೀವು ಒದ್ದಾಡಬೇಕು, ನೆನಪಾಗಬಾರದು. ನಿಮ್ಮ ಹೆಸರು ನನಗೊಬ್ಬಳಿಗೇ ಗೊತ್ತು. ಅದಕ್ಕೆ ಹೊಂದುವ ದಾಖಲೆಗಳನ್ನೆಲ್ಲ ಅಳಿಸಿದ್ದೇನೆ. ಶಾಪ ಹಾಕಲಿಕ್ಕಾದರೂ ಆ ಹೆಸರನ್ನು ಇನ್ನು ಮುಂದೆ ಯಾರೂ ಹೇಳುವುದಿಲ್ಲ. ನೀವು ಅಳೆದ ಗ್ಯಾಲಕ್ಸಿಗಳ ಮೇಲೆ ನಿಮ್ಮ ಅಕ್ಕಪಕ್ಕದ ಮೇಜಿನವರ ಹೆಸರು ಹಾಕಿದ್ದೇನೆ. ಒಳ್ಳೆಯ ಹೆಸರುಗಳು, ಚೆನ್ನಾಗಿ ಹೊಂದುತ್ತವೆ, ಗುರುತೇ ಸಿಗುವುದಿಲ್ಲ.

ಕೊನೆಯದಾಗಿ ಒಂದು. ಬರೆದ ಪತ್ರಕ್ಕೂ ನಾವು ಕೆಳಗೆ ಹೆಸರು ಒತ್ತುತ್ತೇವೆ. ನನ್ನ ಹೆಸರು ಎರಡು ಲಕ್ಷ ಮೂವತ್ತು ಸಾವಿರ ಕಡೆ ಅವಳ ಜಾಗದಲ್ಲಿ ಕೂತಿದೆ, ಅಲ್ಲಿಂದ ಎಬ್ಬಿಸಲು ನನ್ನಿಂದ ಆಗಲಿಲ್ಲ. ನನ್ನದೇ ಎಂದು ಖಚಿತವಾಗಿ ಹೇಳಬಹುದಾದದ್ದು ಈ ಒಂದು ಪತ್ರ ಮಾತ್ರ. ಇದರ ಕೆಳಗಿನ ಜಾಗವನ್ನು ನನ್ನ ಬಲಕ್ಕೆ ಕೂರುತ್ತಿದ್ದವಳಿಗೆ ಬಿಟ್ಟುಕೊಡುತ್ತಿದ್ದೇನೆ.

ತೂತುಗಳು: ಹನ್ನೊಂದು.
ಅಳೆದವಳು: ಚಂಪವ್ವ.